ಪಿಂಗಾಣಿಗಾಗಿ ಸೈನಿಕರನ್ನು ಕೊಟ್ಟ ರಾಜ

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಅಮ್ಮಿಯ ಮದುವೆಗೆ ಬಂದ ಪಿಂಗಾಣಿ ಸೆಟ್ ಒಂದಿದೆ. ನಾವು ಮನೆಯಲ್ಲಿ ಉರ್ದು ಮಾತಾಡುವವರು. ಉರ್ದುವಿನಲ್ಲಿ ಪಿಂಗಾಣಿಗೆ ಚೀನಿ ಎನ್ನುತ್ತೇವೆ, ಸಕ್ಕರೆಗೂ ಚೀನಿ ಎನ್ನುತ್ತೇವೆ. ಚಿಕ್ಕವನಿದ್ದಾಗ ಆ ತಟ್ಟೆಗಳನ್ನು ಸಕ್ಕರೆಯಿಂದಲೇ ಮಾಡುತ್ತಾರೆ ಎಂದು ನಂಬಿದ್ದೆ. ಈದ್ ದಿನ ಮಾತ್ರ ಅವು ಹೊರಗೆ ಬರುತ್ತವೆ, ಸಂಜೆಯೊಳಗೆ ತೊಳೆದು ಒಳಗೆ ಹೋಗುತ್ತವೆ. ನಾಲ್ಕು ವರ್ಷದ ಹಿಂದೆ ನನ್ನ ಕೈಯಿಂದ ಒಂದು ಬಸಿ ಬಿದ್ದು ಒಡೆಯಿತು. ಅಮ್ಮಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ಬಸಿಗೆ ಇಷ್ಟೊಂದು ಏಕೆ ಎಂದು ಆಗ ಅನಿಸಿತ್ತು. ಈಗ ಅನಿಸುವುದಿಲ್ಲ. ಏಕೆಂದರೆ 151 ಪಿಂಗಾಣಿ ಪಾತ್ರೆಗಳಿಗೆ 600 ಸೈನಿಕರನ್ನು ಎಣಿಸಿ ಕೊಟ್ಟ ಒಬ್ಬ ರಾಜನ ಬಗ್ಗೆ ಓದಿದ್ದೇನೆ. ಅವನ ಹೆಸರು ಅಗಸ್ಟಸ್. ಜರ್ಮನಿಯ ಸ್ಯಾಕ್ಸನಿ ನಾಡಿನ ದೊರೆ, ವೆಟ್ಟಿನ್ ಮನೆತನದವನು. ಬಲಶಾಲಿ ಅಗಸ್ಟಸ್ ಎಂದೇ ಇತಿಹಾಸದಲ್ಲಿ ಪ್ರಸಿದ್ಧ.

ಮೊದಲು ಮನೆತನದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಲೆ ಎಂಬ ನದಿಯ ದಡದಲ್ಲಿ ವೆಟ್ಟಿನ್ ಎಂಬ ಕೋಟೆ ಇದೆ. ಆ ಕೋಟೆಯ ಹೆಸರೇ ವಂಶದ ಹೆಸರಾಯಿತು. 1123ರಲ್ಲಿ ಈ ವಂಶದ ಕಾನ್ರಾಡ್ ಎಂಬುವನ ಕೈಗೆ ಮೈಸೆನ್ ಎಂಬ ಗಡಿನಾಡು ಬಂತು. 1168ರಲ್ಲಿ ಅವರ ನೆಲದ ಫ್ರೈಬರ್ಗ್ ಎಂಬಲ್ಲಿ ಬೆಳ್ಳಿ ಸಿಕ್ಕಿತು. ಕೆಲವರಿಗೆ ಅದೃಷ್ಟ ಮನೆಯ ಕೆಳಗೇ ಹುಗಿದಿರುತ್ತದೆ ಎಂದು ನನ್ನ ದಾದಿ ಹೇಳುತ್ತಾರೆ, ವೆಟ್ಟಿನ್‌ಗಳ ವಿಷಯದಲ್ಲಿ ಅದು ಅಕ್ಷರಶಃ ನಿಜ. ನಂತರ 1423ರಲ್ಲಿ ಸ್ಯಾಕ್ಸನಿಯ ಎಲೆಕ್ಟರ್ ಪದವಿ ಈ ಮನೆಗೆ ಬಂತು. ಆಗ ಜರ್ಮನಿ ಒಂದು ದೇಶವಲ್ಲ, ನೂರಾರು ಸಣ್ಣ ದೊಡ್ಡ ಸಂಸ್ಥಾನಗಳು. ಎಲ್ಲರ ಮೇಲೆ ಒಬ್ಬ ಚಕ್ರವರ್ತಿ. ಆ ಚಕ್ರವರ್ತಿಯನ್ನು ಮತ ಹಾಕಿ ಆರಿಸುವ ಹಕ್ಕು ಕೆಲವೇ ದೊರೆಗಳಿಗೆ ಇತ್ತು, ಅವರೇ ಎಲೆಕ್ಟರ್‌ಗಳು.

1485ರಲ್ಲಿ ಎರ್ನ್ಸ್ಟ್ ಮತ್ತು ಆಲ್ಬ್ರೆಕ್ಟ್ ಎಂಬ ಅಣ್ಣ ತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಪಾಲಾದ ಮನೆಯ ಗತಿ ಏನೆಂದು ನಮಗೆಲ್ಲ ಗೊತ್ತು. ಅಣ್ಣನ ಕವಲಿನವರು ಮಾರ್ಟಿನ್ ಲೂಥರ್‌ಗೆ ಆಶ್ರಯ ಕೊಟ್ಟು ಹೆಸರಾದರು. ಆದರೆ 1547ರಲ್ಲಿ ಮ್ಯೂಲ್‌ಬರ್ಗ್ ಯುದ್ಧದಲ್ಲಿ ಸೋತು ಎಲೆಕ್ಟರ್ ಪದವಿಯನ್ನು ತಮ್ಮನ ಕವಲಿಗೆ ಕಳೆದುಕೊಂಡರು. ತಮ್ಮನ ಕವಲಿನ ರಾಜಧಾನಿ ಡ್ರೆಸ್ಡೆನ್. ನಮ್ಮ ಅಗಸ್ಟಸ್ ಹುಟ್ಟಿದ್ದು ಅಲ್ಲಿ, 1670ರ ಮೇ 12ರಂದು.

ಅವನು ಎರಡನೆಯ ಮಗ. ಪಟ್ಟ ಅಣ್ಣನಿಗೆ. ಆದ್ದರಿಂದ ಯಾರೂ ಅವನನ್ನು ರಾಜನನ್ನಾಗಿ ತಯಾರು ಮಾಡಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ, ಅಂದರೆ ಈಗ ನನಗಿರುವ ವಯಸ್ಸಿನಲ್ಲಿ, ಅವನನ್ನು ಯೂರೋಪ್ ಪ್ರವಾಸಕ್ಕೆ ಕಳಿಸಿದರು. ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಇಟಲಿ ಎಲ್ಲ ತಿರುಗಿದ. ಫ್ರಾನ್ಸ್‌ನಲ್ಲಿ ಹದಿನಾಲ್ಕನೆಯ ಲೂಯಿಯ ವರ್ಸೇಲ್ಸ್ ಅರಮನೆ ನೋಡಿದ. ಅಲ್ಲಿಂದ ಬಂದವನು ಜೀವನಪೂರ್ತಿ ಅದನ್ನು ಮರೆಯಲೇ ಇಲ್ಲ ಎಂದು ಅವನ ಮುಂದಿನ ಖರ್ಚು ನೋಡಿದರೆ ತಿಳಿಯುತ್ತದೆ.

ಅಣ್ಣ 1691ರಲ್ಲಿ ಪಟ್ಟಕ್ಕೆ ಬಂದು 1694ರಲ್ಲಿ ಸಿಡುಬಿನಿಂದ ತೀರಿಕೊಂಡ. ಅವನ ಪ್ರಿಯತಮೆಗೆ ಸಿಡುಬು ಬಂದಿತ್ತು, ಅವಳಿಂದ ಇವನಿಗೂ ಅಂಟಿತು. ಹೀಗೆ ಇಪ್ಪತ್ತನಾಲ್ಕು ತುಂಬುವ ಮೊದಲೇ ಅಗಸ್ಟಸ್ ಸ್ಯಾಕ್ಸನಿಯ ಎಲೆಕ್ಟರ್ ಆದ. ಬರಿಗೈಯಲ್ಲಿ ಕುದುರೆ ಲಾಳವನ್ನು ಮುರಿಯುವಷ್ಟು ಅವನ ಕೈಯಲ್ಲಿ ಬಲವಿತ್ತು. ಹಾಗೆ ಮುರಿದ ಒಂದು ಲಾಳವನ್ನು ಡ್ರೆಸ್ಡೆನ್‌ನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಬಲಶಾಲಿ ಎಂಬ ಹೆಸರು ಅದರಿಂದ ಬಂತು, ಯುದ್ಧದಿಂದ ಅಲ್ಲ. ಯುದ್ಧದಲ್ಲಿ ಅವನು ಬಲಶಾಲಿಯಾಗಿದ್ದ ಸಂದರ್ಭಗಳು ಕಡಿಮೆ. 1695 ಮತ್ತು 1696ರಲ್ಲಿ ಚಕ್ರವರ್ತಿಯ ಸೈನ್ಯದ ನಾಯಕನಾಗಿ ಹಂಗೇರಿಯಲ್ಲಿ ತುರ್ಕರ ವಿರುದ್ಧ ಹೋರಾಡಿದ. ಹೇಳಿಕೊಳ್ಳುವಂಥ ಗೆಲುವು ಸಿಗಲಿಲ್ಲ. ಆದರೆ ತುರ್ಕರ ವಸ್ತುಗಳ ಮೇಲೆ ಅವನಿಗೆ ಅಪಾರ ಮೋಹ. ಡೇರೆಗಳು, ಕತ್ತಿಗಳು, ಕುದುರೆಯ ಜೀನುಗಳು ಎಲ್ಲ ಸಂಗ್ರಹಿಸಿದ. ತನ್ನ ಉತ್ಸವಗಳಲ್ಲಿ ಜರ್ಮನ್ ಸೈನಿಕರಿಗೇ ಜಾನಿಸರಿ ವೇಷ ಹಾಕಿಸಿದ. ಯಾರ ಮೇಲೆ ಯುದ್ಧ ಮಾಡಿದನೋ ಅವರಂತೆಯೇ ಉಡುಪು ತೊಡಿಸುವುದು ವಿಚಿತ್ರ, ಆದರೆ ದೊರೆಗಳ ಷೋಕಿಗೆ ಕಾರಣ ಕೇಳುವಂತಿಲ್ಲ.

ಇಲ್ಲಿ ಒಬ್ಬ ಹೆಂಗಸಿನ ಹೆಸರು ಹೇಳಲೇಬೇಕು. ಆಕೆ ಫಾತಿಮಾ. 1686ರ ಸೆಪ್ಟೆಂಬರ್‌ನಲ್ಲಿ ಬುಡಾ ಕೋಟೆ ತುರ್ಕರ ಕೈಯಿಂದ ಹೋದಾಗ ಸೆರೆ ಸಿಕ್ಕ ಚಿಕ್ಕ ಹುಡುಗಿ. (ಅದೇ ತಿಂಗಳು ನಮ್ಮ ಬಿಜಾಪುರವೂ ಔರಂಗಜೇಬನ ಕೈಗೆ ಬಿದ್ದಿತು. ಎರಡು ಕೋಟೆಗಳಿಗೂ ಯಾವ ಸಂಬಂಧವೂ ಇಲ್ಲ, ಇಸವಿ ನೋಡಿ ಆಶ್ಚರ್ಯವಾಯಿತು ಅಷ್ಟೇ.) ಅವಳನ್ನು ಒಂದು ಸ್ವೀಡಿಷ್ ಶ್ರೀಮಂತ ಕುಟುಂಬ ಬೆಳೆಸಿತು, ಕ್ರೈಸ್ತ ಹೆಸರು ಇಟ್ಟಿತು. ಆ ಕುಟುಂಬದ ಜೊತೆ ಡ್ರೆಸ್ಡೆನ್‌ಗೆ ಬಂದಳು, ಅಗಸ್ಟಸ್‌ನ ಇಬ್ಬರು ಮಕ್ಕಳ ತಾಯಿಯಾದಳು. ಮಗ ರುಟೋವ್ಸ್ಕಿ ಮುಂದೆ ಸ್ಯಾಕ್ಸನಿಯ ಫೀಲ್ಡ್ ಮಾರ್ಷಲ್ ಆದ. ಯುದ್ಧದ ಲೂಟಿಯಲ್ಲಿ ಡೇರೆ ಮತ್ತು ಕತ್ತಿಗಳ ಜೊತೆ ಒಬ್ಬ ಮಗುವೂ ಬಂದಿತ್ತು. ಡೇರೆಗಳಿಗೆ ಈಗ ಮ್ಯೂಸಿಯಂ ಇದೆ.

ಈಗ ಮುಖ್ಯ ವಿಷಯಕ್ಕೆ, ಅಂದರೆ ಅವನ ದೊಡ್ಡ ಖರೀದಿಗೆ. 1696ರಲ್ಲಿ ಪೋಲೆಂಡಿನ ರಾಜ ಸೊಬಿಯೆಸ್ಕಿ ತೀರಿಕೊಂಡ. ಪೋಲೆಂಡಿನಲ್ಲಿ ಪಟ್ಟ ತಂದೆಯಿಂದ ಮಗನಿಗೆ ತಾನಾಗಿ ಹೋಗುತ್ತಿರಲಿಲ್ಲ. ಶ್ರೀಮಂತರೆಲ್ಲ ವಾರ್ಸಾ ಹತ್ತಿರದ ಬಯಲಿನಲ್ಲಿ ಸೇರಿ ರಾಜನನ್ನು ಚುನಾಯಿಸುತ್ತಿದ್ದರು. ಚುನಾವಣೆ ಎಂದ ಮೇಲೆ ಖರ್ಚು ಇದ್ದೇ ಇದೆ. ಅಗಸ್ಟಸ್ ಸ್ಪರ್ಧೆಗೆ ಇಳಿದ. ಅವನ ಎದುರಾಳಿ ಫ್ರಾನ್ಸ್‌ನ ರಾಜಕುಮಾರ ಕಾಂಟಿ. ಹಣಕ್ಕಾಗಿ ಅಗಸ್ಟಸ್ ತನ್ನ ಮನೆತನ ನೂರಾರು ವರ್ಷ ಜೋಡಿಸಿದ್ದ ಹಕ್ಕುಗಳನ್ನು ನೆರೆಯ ದೊರೆಗಳಿಗೆ ಮಾರಿದ. ಲಾವೆನ್‌ಬರ್ಗ್ ಸಂಸ್ಥಾನದ ಮೇಲಿನ ಹಕ್ಕು ಬ್ರನ್ಸ್‌ವಿಕ್ ದೊರೆಗೆ ಹೋಯಿತು, ಕ್ವೆಡ್ಲಿನ್‌ಬರ್ಗ್ ಮೇಲಿನದು ಬ್ರಾಂಡೆನ್‌ಬರ್ಗ್ ದೊರೆಗೆ ಹೋಯಿತು. ಬೆರೆಂಡ್ ಲೆಹ್ಮನ್ ಎಂಬ ಯೆಹೂದಿ ಸಾಹುಕಾರ ಈ ವ್ಯವಹಾರಗಳನ್ನು ಕುದುರಿಸಿ ಸಾಲವನ್ನೂ ಎತ್ತಿಕೊಟ್ಟ. ಜೊತೆಗೆ ಪೋಲೆಂಡಿನ ರಾಜ ಕ್ಯಾಥಲಿಕ್ ಆಗಿರಬೇಕಿತ್ತು. ಲೂಥರ್‌ಗೆ ಆಶ್ರಯ ಕೊಟ್ಟ ನಾಡಿನ ದೊರೆಯಾದ ಅಗಸ್ಟಸ್ 1697ರ ಜೂನ್‌ನಲ್ಲಿ ವಿಯೆನ್ನಾ ಹತ್ತಿರದ ಬಾಡೆನ್‌ನಲ್ಲಿ ಕ್ಯಾಥಲಿಕ್ ಆಗಿಬಿಟ್ಟ.

ಅವನ ಹೆಂಡತಿ ಕ್ರಿಸ್ಟಿಯಾನೆ ಎಬರ್‌ಹಾರ್ಡಿನೆ ಒಪ್ಪಲಿಲ್ಲ. ತನ್ನ ಪಂಥ ಬಿಡಲಿಲ್ಲ. ರಾಣಿ ಎಂಬ ಪದವಿ ಬಂದರೂ ಒಮ್ಮೆಯೂ ಪೋಲೆಂಡಿಗೆ ಕಾಲಿಡಲಿಲ್ಲ. ಗಂಡನಿಂದ ದೂರ, ಪ್ರೆಟ್ಸ್ ಎಂಬ ಊರಿನ ಕೋಟೆಯಲ್ಲಿ ಬಹುಪಾಲು ಜೀವನ ಕಳೆದು 1727ರಲ್ಲಿ ತೀರಿಕೊಂಡಳು. ಆಕೆಗಾಗಿ ಲೈಪ್‌ಜಿಗ್‌ನಲ್ಲಿ ಬಾಖ್ ಶೋಕಗೀತೆ ರಚಿಸಿದ. ಸ್ಯಾಕ್ಸನಿಯ ಜನರೂ ದೊರೆಯ ಹಿಂದೆ ಹೋಗಲಿಲ್ಲ, ಅವರ ಧರ್ಮದಲ್ಲಿ ಕೈ ಹಾಕುವುದಿಲ್ಲ ಎಂದು ಅವನು ಬರೆದುಕೊಡಬೇಕಾಯಿತು. ನನಗೆ ಅನಿಸುವುದು, ಈ ಕಥೆಯಲ್ಲಿ ಬೆಲೆ ಕಟ್ಟಲಾಗದೆ ಉಳಿದವಳು ಆ ರಾಣಿ ಒಬ್ಬಳೇ.

ಕಾಂಟಿಗೂ ಬೆಂಬಲಿಗರು ಇದ್ದರು, ಇಬ್ಬರೂ ಗೆದ್ದೆವು ಎಂದರು. ಅಗಸ್ಟಸ್ ಹತ್ತಿರದಲ್ಲಿದ್ದ, ಸೈನ್ಯದೊಂದಿಗೆ ಬಂದ. ಕಾಂಟಿ ಹಡಗಿನಲ್ಲಿ ತಡವಾಗಿ ಬಂದು ವಾಪಸ್ಸು ಹೋದ. ಕಿರೀಟ ಇಟ್ಟಿದ್ದ ಕ್ರಾಕೋವ್ ಕೋಟೆಯ ಖಜಾನೆಗೆ ಎದುರು ಪಕ್ಷದವರು ಬೀಗ ಮುದ್ರೆ ಹಾಕಿದ್ದರು. ಬೀಗ ಮುರಿದರೆ ಕಾನೂನುಭಂಗ. ಆದ್ದರಿಂದ ಗೋಡೆಯಲ್ಲಿ ಕಿಂಡಿ ಕೊರೆದು ಕಿರೀಟ ಹೊರತೆಗೆದರು. ಬೀಗ ಬೀಗದ ಹಾಗೇ ಇತ್ತು. 1697ರ ಸೆಪ್ಟೆಂಬರ್ 15ರಂದು ಪಟ್ಟಾಭಿಷೇಕವಾಯಿತು. ಎಲೆಕ್ಟರ್ ಆಗಿ ಅವನು ಒಂದನೇ ಫ್ರೆಡರಿಕ್ ಅಗಸ್ಟಸ್, ಪೋಲೆಂಡಿನ ರಾಜನಾಗಿ ಎರಡನೇ ಅಗಸ್ಟಸ್.

ಈ ಕಿರೀಟವನ್ನು ನಮ್ಮ ಅಕೌಂಟೆನ್ಸಿ ಪ್ರಕಾರ ಯಾವ ಕಾಲಂಗೆ ಹಾಕಬೇಕು ಎಂದು ನಾನು ಬಹಳ ಯೋಚಿಸಿದೆ. ಮಗನಿಗೆ ತಾನಾಗಿ ಹೋಗದ ಪಟ್ಟ, ಅಂದರೆ ಸ್ಥಿರಾಸ್ತಿಯಲ್ಲ. ಗುಡ್‌ವಿಲ್ ಅನ್ನೋಣವೆಂದರೆ ಗುಡ್‌ವಿಲ್ಲೂ ಇರಲಿಲ್ಲ. ಆರಂಭದಲ್ಲಿ ಒಂದು ಲಾಭ ಬಂತು. 1699ರ ಕಾರ್ಲೊವಿಟ್ಜ್ ಒಪ್ಪಂದದಲ್ಲಿ ತುರ್ಕರು ಪೊಡೋಲಿಯಾ ಪ್ರಾಂತ್ಯವನ್ನು ಪೋಲೆಂಡಿಗೆ ಹಿಂದಿರುಗಿಸಿದರು. ಆಮೇಲೆ ಬರೀ ನಷ್ಟ. ರಷ್ಯಾದ ಪೀಟರ್ ಮತ್ತು ಡೆನ್ಮಾರ್ಕ್ ಜೊತೆ ಸೇರಿ 1700ರಲ್ಲಿ ಸ್ವೀಡನ್ ಮೇಲೆ ಯುದ್ಧ ಆರಂಭಿಸಿದ. ಸ್ವೀಡನ್‌ನ ರಾಜ ಹನ್ನೆರಡನೆಯ ಚಾರ್ಲ್ಸ್ ಹದಿನೆಂಟು ತುಂಬದ ಹುಡುಗ, ಸುಲಭ ಎಂದುಕೊಂಡರು. ಆ ಹುಡುಗ 1702ರಲ್ಲಿ ಕ್ಲಿಷೋವ್‌ನಲ್ಲಿ ಅಗಸ್ಟಸ್‌ನನ್ನು ಸೋಲಿಸಿದ, 1704ರಲ್ಲಿ ಪೋಲೆಂಡಿನ ಸಿಂಹಾಸನದಲ್ಲಿ ಸ್ಟಾನಿಸ್ಲಾವ್ ಲೆಷ್ಚಿನ್ಸ್ಕಿಯನ್ನು ಕೂರಿಸಿದ, 1706ರಲ್ಲಿ ಸ್ಯಾಕ್ಸನಿಗೇ ನುಗ್ಗಿದ. ಅಲ್ಟ್‌ರಾನ್‌ಸ್ಟೆಟ್ ಒಪ್ಪಂದದಲ್ಲಿ ಅಗಸ್ಟಸ್ ಪೋಲೆಂಡಿನ ಕಿರೀಟ ಬಿಡಬೇಕಾಯಿತು. ಸ್ವೀಡಿಷ್ ಸೈನ್ಯ ಒಂದು ವರ್ಷ ಸ್ಯಾಕ್ಸನಿಯಲ್ಲಿ ಕುಳಿತು ಉಂಡಿತು. ಅದರ ಖರ್ಚನ್ನೆಲ್ಲ ಕೊಟ್ಟವರು ರೈತರು ಮತ್ತು ಪೇಟೆಯವರು. 1709ರಲ್ಲಿ ಪೊಲ್ಟಾವಾದಲ್ಲಿ ಪೀಟರ್ ಚಾರ್ಲ್ಸ್‌ನನ್ನು ಸೋಲಿಸಿದ ಮೇಲೆ ಅಗಸ್ಟಸ್‌ಗೆ ಕಿರೀಟ ಮತ್ತೆ ಸಿಕ್ಕಿತು, ಆದರೆ ಅಂದಿನಿಂದ ಪೋಲೆಂಡಿನಲ್ಲಿ ರಷ್ಯಾದ ಮಾತೇ ಮಾತು. 1717ರಲ್ಲಿ ಪೋಲೆಂಡಿನ ಸಂಸತ್ತು ಯಾರಿಗೂ ಮಾತಾಡಲು ಬಿಡದೆ ಒಂದೇ ದಿನದಲ್ಲಿ ಒಪ್ಪಂದ ಅಂಗೀಕರಿಸಿತು. ಅಷ್ಟು ದೊಡ್ಡ ದೇಶದ ಸೈನ್ಯ 24,000ಕ್ಕೆ ಸೀಮಿತವಾಯಿತು.

ಯುದ್ಧ ಸಾಕು. ನಾನು ಈ ಲೇಖನ ಬರೆಯಲು ಕಾರಣನಾದವನು ಬೇರೆ, ಅವನ ಹೆಸರು ಯೋಹಾನ್ ಫ್ರೆಡರಿಕ್ ಬೋಟ್ಗರ್.

ಬೋಟ್ಗರ್ 1682ರಲ್ಲಿ ಹುಟ್ಟಿದವನು, ಬರ್ಲಿನ್‌ನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಕೀಳು ಲೋಹವನ್ನು ಬಂಗಾರ ಮಾಡುವ ಗುಟ್ಟು ತನಗೆ ತಿಳಿದಿದೆ ಎಂದು ಹೇಳಿಕೊಂಡ. ಕೆಲವರ ಮುಂದೆ ನಾಣ್ಯಗಳನ್ನು ಬಂಗಾರ ಮಾಡಿಯೂ ತೋರಿಸಿದ. ಕೈಚಳಕವೇ ಇರಬೇಕು. ಹುಡುಗಾಟದ ಸುಳ್ಳು, ನಮ್ಮಲ್ಲಿ ಯಾರಾದರೂ ಹೇಳಬಹುದಾದದ್ದು. ಆದರೆ ಸುದ್ದಿ ಪ್ರಷ್ಯಾದ ರಾಜನ ಕಿವಿಗೆ ಬಿತ್ತು. ಅವನನ್ನು ಹಿಡಿಯಲು ಹೊರಟರು. ಬೋಟ್ಗರ್ 1701ರಲ್ಲಿ ಗಡಿ ದಾಟಿ ಸ್ಯಾಕ್ಸನಿಯ ವಿಟ್ಟೆನ್‌ಬರ್ಗ್‌ಗೆ ಓಡಿ ಬಂದ. ಪ್ರಷ್ಯಾ ಅವನನ್ನು ಕೇಳಿತು. ಯುದ್ಧಕ್ಕೆ ಹಣವಿಲ್ಲದೆ ಒದ್ದಾಡುತ್ತಿದ್ದ ಅಗಸ್ಟಸ್ ಇಂಥ ಹುಡುಗನನ್ನು ಬಿಟ್ಟುಕೊಡುತ್ತಾನೆಯೇ? ಕಾವಲಿನಲ್ಲಿ ಡ್ರೆಸ್ಡೆನ್‌ಗೆ ತರಿಸಿದ. ಆಗ ಬೋಟ್ಗರ್‌ಗೆ ಹತ್ತೊಂಬತ್ತು ವರ್ಷ. ಮುಂದಿನ ಹದಿಮೂರು ವರ್ಷ ಅವನಿಗೆ ಬಿಡುಗಡೆ ಇಲ್ಲ.

ಒಳ್ಳೆಯ ಊಟ, ಒಳ್ಳೆಯ ಕೋಣೆ, ಕೆಲಸಗಾರರು, ಕುಲುಮೆ ಎಲ್ಲವನ್ನೂ ಕೊಟ್ಟರು. ಬಾಗಿಲಿಗೆ ಮಾತ್ರ ಕಾವಲು. 1703ರಲ್ಲಿ ಒಮ್ಮೆ ತಪ್ಪಿಸಿಕೊಂಡು ಆಸ್ಟ್ರಿಯಾದವರೆಗೆ ಹೋದ, ಹಿಡಿದು ತಂದರು. ಬಂಗಾರ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ಬಂಗಾರ ಮಾಡುತ್ತೇನೆಂದು ಮೋಸ ಮಾಡಿದವರನ್ನು ಗಲ್ಲಿಗೆ ಹಾಕುವ ಕಾಲ ಅದು. ಅವನ ಸ್ಥಿತಿ ಯೋಚಿಸಿ ನೋಡಿ. ಸುಳ್ಳು ಎಂದು ಒಪ್ಪಿಕೊಂಡರೆ ಸಾವು, ನಿಜ ಎಂದರೆ ನಾಳೆ ತೋರಿಸು ಎನ್ನುತ್ತಾರೆ. ಪ್ರತಿ ದಿನ ಪರೀಕ್ಷೆ, ಸಿಲೆಬಸ್ಸೇ ಇಲ್ಲ.

ಅವನನ್ನು ಉಳಿಸಿದವನು ಚಿರ್ನ್‌ಹೌಸ್ ಎಂಬ ವಿಜ್ಞಾನಿ. ದೊಡ್ಡ ಮಸೂರಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಮಣ್ಣು ಕಲ್ಲುಗಳನ್ನು ಕರಗಿಸುವ ಪ್ರಯೋಗ ಮಾಡುತ್ತಿದ್ದ ಈತನಿಗೆ ಬೇಕಾಗಿದ್ದು ಬಂಗಾರವಲ್ಲ, ಪಿಂಗಾಣಿ. ಆ ಕಾಲದಲ್ಲಿ ನಿಜವಾದ ಬಿಳಿ ಪಿಂಗಾಣಿ ಮಾಡುವ ವಿದ್ಯೆ ಯೂರೋಪ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೀನಾ, ಜಪಾನ್‌ಗಳಿಂದ ಡಚ್ ಹಡಗುಗಳಲ್ಲಿ ಬರುತ್ತಿತ್ತು, ಅದನ್ನು ಬಿಳಿ ಬಂಗಾರ ಎಂದೇ ಕರೆಯುತ್ತಿದ್ದರು. ಅಗಸ್ಟಸ್ ಅದಕ್ಕೆ ಸುರಿದ ಹಣಕ್ಕೆ ಲೆಕ್ಕವಿಲ್ಲ. ಪಿಂಗಾಣಿಯ ಆಸೆ ಒಂದು ರೋಗ ಎಂದು ಅವನೇ ತನ್ನ ಬಗ್ಗೆ ಒಪ್ಪಿಕೊಂಡಿದ್ದಾನೆ. ಚಿರ್ನ್‌ಹೌಸ್ ಈ ಹುಡುಗನ ಕೈಯನ್ನು ಪಿಂಗಾಣಿಯ ಕಡೆ ತಿರುಗಿಸಿದ. ಮೈಸೆನ್ ಕೋಟೆಯಲ್ಲಿ, ಆಮೇಲೆ ಡ್ರೆಸ್ಡೆನ್ ಕೋಟೆಗೋಡೆಯ ಕೆಳಗಿನ ನೆಲಮಾಳಿಗೆಯಲ್ಲಿ ಕೆಲಸ ನಡೆಯಿತು. ಸ್ವೀಡಿಷ್ ಸೈನ್ಯ ಬಂದಾಗ ಗುಟ್ಟು ಶತ್ರುವಿಗೆ ಸಿಗಬಾರದೆಂದು ಬೋಟ್ಗರ್‌ನನ್ನು ಕ್ಯೋನಿಗ್‌ಸ್ಟೈನ್ ಎಂಬ ಬೆಟ್ಟದ ಕೋಟೆಗೆ ಸಾಗಿಸಿದರು. ಖಜಾನೆ ಸಾಗಿಸಿದ ಹಾಗೆ ಮನುಷ್ಯನನ್ನೂ ಸಾಗಿಸಿದರು.

ಮೊದಲು ಕೆಂಪು ಗಟ್ಟಿ ಮಣ್ಣಿನ ಪಾತ್ರೆಗಳು ಬಂದವು. ನಂತರ ಬಿಳಿ ಮಣ್ಣಿನ ಜೊತೆ ಬೇರೆ ಬೇರೆ ಖನಿಜಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಸುಟ್ಟರು. 1,300 ಡಿಗ್ರಿಗೂ ಹೆಚ್ಚು ಶಾಖ ಬೇಕು. ಕುಲುಮೆಯ ಶಾಖಕ್ಕೆ ಕೆಲಸಗಾರರ ಕೂದಲು ಸುಡುತ್ತಿತ್ತು, ಹೊಗೆಗೆ ಕಣ್ಣು ಹಾಳಾಗುತ್ತಿತ್ತು. 1708ರ ಜನವರಿ 15ರಂದು ಬೋಟ್ಗರ್ ಒಂದು ಪ್ರಯೋಗದ ಪಟ್ಟಿ ಬರೆದಿಟ್ಟಿದ್ದಾನೆ. ಏಳು ಮಿಶ್ರಣಗಳು, ಐದು ಗಂಟೆ ಸುಟ್ಟ ಮೇಲೆ ಕೆಲವು ಬಿಳಿಯಾಗಿ, ಬೆಳಕು ಹಾಯುವಂತೆ ಬಂದವು. ಅದೇ ಯೂರೋಪ್‌ನ ಮೊದಲ ನಿಜವಾದ ಪಿಂಗಾಣಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಿರ್ನ್‌ಹೌಸ್ ತೀರಿಕೊಂಡ. ಕಂಡುಹಿಡಿದವನು ಯಾರು, ಇವನೋ ಅವನೋ ಎಂಬ ಜಗಳ ಇಂದಿಗೂ ಇದೆ. ಗುರು ಇಲ್ಲದೆ ಶಿಷ್ಯನಿಗೆ ದಾರಿ ಸಿಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

1710ರ ಜನವರಿ 23ರಂದು ರಾಜಾಜ್ಞೆಯಿಂದ ಪಿಂಗಾಣಿ ಕಾರ್ಖಾನೆ ಸ್ಥಾಪನೆಯಾಯಿತು. ಅದೇ ವರ್ಷ ಅದನ್ನು ಮೈಸೆನ್‌ನ ಹಳೆಯ ಕೋಟೆಗೆ ಸಾಗಿಸಿದರು. ಕೋಟೆ ಏಕೆಂದರೆ ಒಳಗಿನವರು ಹೊರಗೆ ಹೋಗದಂತೆ ಕಾಯುವುದು ಸುಲಭ. ಟ್ರೇಡ್ ಸೀಕ್ರೆಟ್ ಎಂದು ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುತ್ತೇವಲ್ಲ, ಅದರ ಒಳ್ಳೆಯ ಉದಾಹರಣೆ ಇದು. ಮಣ್ಣಿನ ಮಿಶ್ರಣದ ಗುಟ್ಟು ಒಬ್ಬನಿಗೆ, ಮೇಲಿನ ಹೊಳಪಿನ ಗುಟ್ಟು ಇನ್ನೊಬ್ಬನಿಗೆ ತಿಳಿಸಿದರು. ಪೂರ್ತಿ ತಿಳಿದವನನ್ನು ಬಂಧನದಲ್ಲಿ ಇಟ್ಟರು. ಆದರೂ ಗುಟ್ಟು ಉಳಿಯಲಿಲ್ಲ. ಹತ್ತು ವರ್ಷದೊಳಗೆ ಇಬ್ಬರು ಕೆಲಸಗಾರರು ಒಬ್ಬರ ಹಿಂದೆ ಒಬ್ಬರು ವಿಯೆನ್ನಾಗೆ ಓಡಿಹೋದರು, ಅಲ್ಲಿ ಎರಡನೆಯ ಕಾರ್ಖಾನೆ ಶುರುವಾಯಿತು. ಅವರಲ್ಲಿ ಒಬ್ಬನಾದ ಸ್ಟ್ಯೋಲ್ಟ್ಸೆಲ್‌ಗೆ ಅಲ್ಲಿ ಸರಿಬರಲಿಲ್ಲ. 1720ರಲ್ಲಿ ವಾಪಸ್ಸು ಬಂದ, ಬರುವಾಗ ಹ್ಯೋರೋಲ್ಟ್ ಎಂಬ ಒಬ್ಬ ಒಳ್ಳೆಯ ಚಿತ್ರಗಾರನನ್ನೂ ಕರೆತಂದ. ಮೈಸೆನ್ ಪಿಂಗಾಣಿಯ ಮೇಲಿನ ಬಣ್ಣದ ಚಿತ್ರಗಳಿಗೆ ಹೆಸರು ಬಂದದ್ದು ಆ ಚಿತ್ರಗಾರನಿಂದ. ತಳದಲ್ಲಿ ಎರಡು ಅಡ್ಡ ಕತ್ತಿಗಳ ನೀಲಿ ಗುರುತು ಹಾಕುವ ಪದ್ಧತಿಯೂ ಆ ಕಾಲದ್ದೇ, ಪ್ರಪಂಚದ ಹಳೆಯ ಟ್ರೇಡ್‌ಮಾರ್ಕ್‌ಗಳಲ್ಲಿ ಒಂದು.

ಬೋಟ್ಗರ್‌ಗೆ 1714ರಲ್ಲಿ ಸ್ವಾತಂತ್ರ್ಯ ಕೊಟ್ಟರು. ಅಷ್ಟರಲ್ಲಿ ಕುಡಿತ, ಹೊಗೆ, ವಿಷಗಾಳಿಯಿಂದ ಅವನ ದೇಹ ಮುಗಿದಿತ್ತು. 1719ರ ಮಾರ್ಚ್ 13ರಂದು ಸಾಲ ಬಿಟ್ಟು ಸತ್ತ. ಆಗ ಅವನಿಗೆ ಮೂವತ್ತೇಳು.

ಈಗ ಆ 600 ಸೈನಿಕರ ವಿಷಯ. ಸ್ವಂತ ಕಾರ್ಖಾನೆ ಶುರುವಾದ ಮೇಲೂ ಅಗಸ್ಟಸ್‌ಗೆ ಚೀನಾದ ಪಾತ್ರೆಗಳ ಆಸೆ ಹೋಗಲಿಲ್ಲ. ಪ್ರಷ್ಯಾದ ಹೊಸ ರಾಜ ಫ್ರೆಡರಿಕ್ ವಿಲ್ಹೆಲ್ಮ್ ಹತ್ತಿರ ಒಳ್ಳೆಯ ಸಂಗ್ರಹವಿತ್ತು. ಆ ರಾಜನಿಗೆ ಪಿಂಗಾಣಿ ಬೇಡ, ಸೈನಿಕರು ಬೇಕು. 1717ರಲ್ಲಿ ವ್ಯವಹಾರ ಕುದುರಿತು. 600 ಡ್ರಗೂನ್‌ಗಳು, ಅಂದರೆ ಕುದುರೆ ಸವಾರ ಸೈನಿಕರು, ಕುದುರೆ, ಆಯುಧ, ಸಮವಸ್ತ್ರ ಇಲ್ಲದೆ ಬರೀ ಮನುಷ್ಯರಾಗಿ ಗಡಿಯಾಚೆ ಹೋದರು. 151 ಪಾತ್ರೆಗಳು ಈಚೆ ಬಂದವು. ಎರಡು ಕಡೆಯೂ ಒಂದು ಪೈಸೆ ನಗದು ಕೈ ಬದಲಾಗಲಿಲ್ಲ, ಶುದ್ಧ ವಿನಿಮಯ ಪದ್ಧತಿ. ಭಾಗಿಸಿದರೆ ಒಂದು ಪಾತ್ರೆಗೆ ಸುಮಾರು ನಾಲ್ಕು ಜನ. ಅಮ್ಮಿಗೆ ಇದನ್ನು ಹೇಳಿದಾಗ ಅವರು ಬೆಲೆ ಕೇಳಲಿಲ್ಲ, ಆ ನಾಲ್ಕು ಜನರನ್ನು ಯಾರಾದರೂ ಕೇಳಿದರಾ ಎಂದು ಕೇಳಿದರು. ಕೇಳಿರಲಿಲ್ಲ. ಪ್ರಷ್ಯಾದಲ್ಲಿ ಅವರಿಂದ ಆದ ರೆಜಿಮೆಂಟಿಗೆ ಪಿಂಗಾಣಿ ರೆಜಿಮೆಂಟ್ ಎಂಬ ಅಡ್ಡಹೆಸರು ಬಿತ್ತು.

ಇನ್ನೊಂದು ಖರೀದಿಯನ್ನು ಹೇಳದಿದ್ದರೆ ನಮ್ಮ ದೇಶದವರಿಗೆ ಅನ್ಯಾಯ. ಅಗಸ್ಟಸ್‌ನ ಅಕ್ಕಸಾಲಿಗ ಡಿಂಗ್ಲಿಂಗರ್ ತನ್ನ ಸಹೋದರರ ಜೊತೆ ಸೇರಿ 1701ರಿಂದ 1708ರವರೆಗೆ ಒಂದು ಅದ್ಭುತ ವಸ್ತು ಮಾಡಿದ. ಅದು ಔರಂಗಜೇಬನ ಹುಟ್ಟುಹಬ್ಬದ ದರ್ಬಾರು. ಒಂದೂವರೆ ಮೀಟರಿಗೆ ಹತ್ತಿರದ ಬೆಳ್ಳಿಯ ವೇದಿಕೆ, ಅದರ ಮೇಲೆ ಬಂಗಾರ ಮತ್ತು ಬಣ್ಣದ ಎನಾಮೆಲಿನ 130ಕ್ಕೂ ಹೆಚ್ಚು ಪುಟ್ಟ ಬೊಂಬೆಗಳು, ಆನೆಗಳು, ಕಾಣಿಕೆ ಹೊತ್ತು ಬರುವ ಅಮೀರರು, ಮೇಲೆ ಸಿಂಹಾಸನದಲ್ಲಿ ಬಾದಶಹ. ಸುಮಾರು 5,000 ವಜ್ರಗಳು. ಬೆಲೆ 58,485 ಥಾಲರ್. ಡಿಂಗ್ಲಿಂಗರ್ ಭಾರತ ನೋಡಿರಲಿಲ್ಲ. ಬರ್ನಿಯರ್, ಟಾವರ್ನಿಯರ್ ಮೊದಲಾದವರ ಪ್ರವಾಸ ಪುಸ್ತಕಗಳನ್ನು ಓದಿ ಊಹಿಸಿ ಮಾಡಿದ. ಆದ್ದರಿಂದ ಅದರಲ್ಲಿ ಚೀನಾ, ಈಜಿಪ್ಟ್ ಎಲ್ಲ ಕಲಸಿಹೋಗಿವೆ. ಚಿತ್ರದಲ್ಲಿ ನೋಡಿದಾಗ ನನಗೆ ನಗು ಬಂತು, ಆಮೇಲೆ ಬೇರೇನೋ ಅನಿಸಿತು. ಡ್ರೆಸ್ಡೆನ್‌ನಲ್ಲಿ ಆ ಬಂಗಾರದ ದರ್ಬಾರು ತಯಾರಾಗುತ್ತಿದ್ದ 1705ರಲ್ಲಿ ನಿಜವಾದ ಔರಂಗಜೇಬ ನಮ್ಮ ಈಗಿನ ಯಾದಗಿರಿ ಜಿಲ್ಲೆಯ ವಾಗಿನಗೇರಾ ಕೋಟೆಯ ಮುಂದೆ, ಎಂಬತ್ತೈದು ದಾಟಿದ ಮುದುಕ, ಸುರಪುರದ ಬೇಡ ನಾಯಕರ ಮೇಲೆ ಮುತ್ತಿಗೆ ಹಾಕಿ ಡೇರೆಯಲ್ಲಿ ಕುಳಿತಿದ್ದ. ಅದೇ ಅವನ ಕೊನೆಯ ದಂಡಯಾತ್ರೆ. 1707ರಲ್ಲಿ ಅಹ್ಮದ್‌ನಗರದಲ್ಲಿ ತೀರಿಕೊಂಡ. ಖುಲ್ದಾಬಾದ್‌ನಲ್ಲಿರುವ ಅವನ ಕಬ್ರ್ ಮೇಲೆ ಗುಂಬಜ್ ಇಲ್ಲ, ತೆರೆದ ಮಣ್ಣು. ಬೊಂಬೆ ಔರಂಗಜೇಬ ಮಾತ್ರ ವಜ್ರಗಳ ನಡುವೆ ಇನ್ನೂ ಹುಟ್ಟುಹಬ್ಬ ಆಚರಿಸುತ್ತಿದ್ದಾನೆ.

ಇಷ್ಟೆಲ್ಲ ಹಣ ಎಲ್ಲಿಂದ ಬಂತು? ಬೆಳ್ಳಿ ಗಣಿ, ಲೈಪ್‌ಜಿಗ್ ಜಾತ್ರೆಯ ವ್ಯಾಪಾರ, ಬಟ್ಟೆ ಉದ್ಯಮ ಎಲ್ಲ ಇದ್ದವು. ಅದರ ಮೇಲೆ ಹೊಸ ತೆರಿಗೆ. ಜನ ಬಳಸುವ ಸರಕಿನ ಮೇಲೆ ಹಾಕುವ ಅಕ್ಸೀಸ್ ಎಂಬ ತೆರಿಗೆಯನ್ನು 1702ರಿಂದ ಪೇಟೆಗಳಲ್ಲಿ ಜಾರಿಗೆ ತಂದ. ಶ್ರೀಮಂತ ಜಮೀನುದಾರರ ಒಪ್ಪಿಗೆ ಕೇಳದೆ ಹಣ ಎತ್ತುವ ದಾರಿ ಅದು, ಆದ್ದರಿಂದ ಅವರು ಬಹಳ ವಿರೋಧಿಸಿದರು. ಇಂದಿನ ಜಿಎಸ್‌ಟಿಯ ದೂರದ ನೆಂಟ ಎನ್ನಬಹುದು. ಒಳ್ಳೆಯ ಕೆಲಸಗಳೂ ಆದವು, ಅದನ್ನು ಮುಚ್ಚಿಡಬಾರದು. ನಾಡನ್ನೆಲ್ಲ ಅಳೆಸಿ ರಸ್ತೆಗಳಲ್ಲಿ ಕಲ್ಲಿನ ಅಂಚೆ ಕಂಬಗಳನ್ನು ನಿಲ್ಲಿಸಿದ. ಅವುಗಳ ಮೇಲೆ ದೂರವನ್ನು ಗಂಟೆಗಳಲ್ಲಿ ಕೆತ್ತಿದ್ದಾರೆ. ಕಂಬದ ಖರ್ಚು ಮಾತ್ರ ಆಯಾ ಊರಿನವರೇ ಕೊಡಬೇಕು, ಊರಿನವರು ಗೊಣಗಿದರು. ಎಲ್ಬೆ ನದಿಯ ಸೇತುವೆ, ಝ್ವಿಂಗರ್ ಎಂಬ ಸುಂದರ ಅಂಗಳದ ಕಟ್ಟಡ, ಅರಮನೆಗಳು ಎದ್ದವು. ತನ್ನ ರತ್ನಭಂಡಾರಕ್ಕೆ ಹಸಿರು ಕಮಾನುಗಳ ಕೋಣೆಗಳನ್ನು ಸಜ್ಜುಮಾಡಿ ಹೊರಗಿನವರಿಗೂ ನೋಡಲು ಬಿಟ್ಟ. ಅದು ಯೂರೋಪ್‌ನ ಹಳೆಯ ಮ್ಯೂಸಿಯಂಗಳಲ್ಲಿ ಒಂದು.

1730ರ ಜೂನ್‌ನಲ್ಲಿ ಝೈಟ್‌ಹೈನ್ ಎಂಬಲ್ಲಿ ಒಂದು ತಿಂಗಳು ಸೈನ್ಯದ ಪ್ರದರ್ಶನ ಇಟ್ಟ. ಪ್ರಷ್ಯಾದ ರಾಜ, ಯುವರಾಜ ಎಲ್ಲ ಅತಿಥಿಗಳು. ಕೊನೆಯಲ್ಲಿ 1.8 ಟನ್ ತೂಕದ ಒಂದೇ ಒಂದು ಕೇಕ್ ಬೇಯಿಸಿ ಕುದುರೆ ಗಾಡಿಯಲ್ಲಿ ಎಳೆತಂದು ಅದಕ್ಕೆಂದೇ ಮಾಡಿಸಿದ ಉದ್ದ ಚಾಕುವಿನಿಂದ ಕತ್ತರಿಸಿ ಸೈನಿಕರಿಗೆ ಹಂಚಿದರು. ಅಂದು ಆ ಕೇಕ್ ತಿಂದ ಪ್ರಷ್ಯಾದ ಯುವರಾಜನೇ ಮುಂದೆ ಮಹಾನ್ ಫ್ರೆಡರಿಕ್ ಆಗಿ 1756ರಲ್ಲಿ ಸ್ಯಾಕ್ಸನಿಯನ್ನು ಆಕ್ರಮಿಸಿದ, ಮೈಸೆನ್ ಕಾರ್ಖಾನೆಯ ಮಾಲನ್ನೂ ವಶಪಡಿಸಿಕೊಂಡ. ಪಿರ್ನಾದಲ್ಲಿ ಅವನಿಗೆ ಶರಣಾದ ಸ್ಯಾಕ್ಸನಿಯ ಸೇನಾಪತಿ ಫಾತಿಮಾಳ ಮಗ ರುಟೋವ್ಸ್ಕಿ.

ಅಗಸ್ಟಸ್‌ನ ಖಾಸಗಿ ಜೀವನದ ಬಗ್ಗೆ ಬಹಳ ಕಥೆಗಳಿವೆ, ಮುನ್ನೂರಕ್ಕೂ ಹೆಚ್ಚು ಮಕ್ಕಳು ಎಂಬ ಗಾಳಿಮಾತೂ ಇದೆ. ನಮ್ಮ ಪತ್ರಿಕೆಗೆ ಅದು ಬೇಡ. ಒಂದು ಮಾತ್ರ ಹೇಳುತ್ತೇನೆ. ಮದುವೆಯಾಗುತ್ತೇನೆ ಎಂದು ಕೌಂಟೆಸ್ ಕೋಸೆಲ್ ಎಂಬಾಕೆಗೆ ಅವನು ಬರೆದುಕೊಟ್ಟಿದ್ದ. ಆಮೇಲೆ ಆ ಕಾಗದ ವಾಪಸ್ಸು ಬೇಕಾಯಿತು, ಆಕೆ ಕೊಡಲಿಲ್ಲ. 1716ರ ಕೊನೆಗೆ ಆಕೆಯನ್ನು ಸ್ಟೋಲ್ಪೆನ್ ಕೋಟೆಗೆ ಕಳಿಸಿದರು. 1765ರಲ್ಲಿ ತೀರಿಕೊಳ್ಳುವವರೆಗೆ ಆಕೆ ಅಲ್ಲೇ ಇದ್ದಳು. ಸೆರೆಗೆ ಹಾಕಿದ ರಾಜ ಸತ್ತು ಮೂವತ್ತೆರಡು ವರ್ಷವಾಗಿತ್ತು.

ಕೊನೆಗಾಲದಲ್ಲಿ ಅಗಸ್ಟಸ್‌ಗೆ ಸಕ್ಕರೆ ಕಾಯಿಲೆ. 1727ರಲ್ಲಿ ಕಾಲಿನ ಬೆರಳು ಕತ್ತರಿಸಬೇಕಾಯಿತು. ಲಾಳ ಮುರಿಯುತ್ತಿದ್ದವನು ನಿಲ್ಲಲು ಕಷ್ಟಪಟ್ಟ. ಆದರೂ ಪೋಲೆಂಡಿಗೆ ಪ್ರಯಾಣ ಬಿಡಲಿಲ್ಲ. 1733ರ ಫೆಬ್ರವರಿ 1ರಂದು ವಾರ್ಸಾದಲ್ಲಿ ತೀರಿಕೊಂಡ. ದೇಹವನ್ನು ಪೋಲೆಂಡಿನ ರಾಜರ ಜೊತೆ ಕ್ರಾಕೋವ್‌ನಲ್ಲಿ ಇಟ್ಟರು, ಹೃದಯವನ್ನು ಒಂದು ಪಾತ್ರೆಯಲ್ಲಿಟ್ಟು ಡ್ರೆಸ್ಡೆನ್‌ಗೆ ತಂದರು. ಅವನ ಮಗ ಮತ್ತೆ ಯುದ್ಧ ಮಾಡಿಯೇ ಪೋಲೆಂಡಿನ ಪಟ್ಟ ಪಡೆದ. ಗೋಲ್ಕೊಂಡ ಗಣಿಯ 41 ಕ್ಯಾರಟ್ ಹಸಿರು ವಜ್ರವನ್ನು ಲೈಪ್‌ಜಿಗ್ ಜಾತ್ರೆಯಲ್ಲಿ ಕೊಂಡವನೂ ಆ ಮಗನೇ. ಅವನ ನಂತರ ಪೋಲೆಂಡಿನ ಕಿರೀಟ ವೆಟ್ಟಿನ್‌ಗಳಿಗೆ ಬರಲಿಲ್ಲ. 1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡ್ ದೇಶವನ್ನೇ ಹಂಚಿಕೊಂಡು ಮುಗಿಸಿದ್ದವು.

ವೆಟ್ಟಿನ್‌ಗಳು ಸ್ಯಾಕ್ಸನಿಯನ್ನು 1918ರವರೆಗೆ ಆಳಿದರು. ಸೋತ ಅಣ್ಣನ ಕವಲು ಸಣ್ಣ ಸಣ್ಣ ಸಂಸ್ಥಾನಗಳಾಗಿ ಒಡೆದಿತ್ತು. ಅದರಲ್ಲಿ ಒಂದಾದ ಸ್ಯಾಕ್ಸ್ ಕೋಬರ್ಗ್‌ನ ಆಲ್ಬರ್ಟ್ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯನ್ನು ಮದುವೆಯಾದ. ಅವರ ಮಗ ಏಳನೆಯ ಎಡ್ವರ್ಡ್. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಅವನ ಪ್ರತಿಮೆ ಇದೆ, ಪ್ರವಾಸ ಹೋದಾಗ ನಮ್ಮ ತರಗತಿಯವರು ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದೇವೆ. ತಂದೆಯ ಕಡೆಯಿಂದ ಅವನು ವೆಟ್ಟಿನ್ ಎಂದು ಆಗ ನಮಗೆ ಗೊತ್ತಿರಲಿಲ್ಲ.

1945ರ ಫೆಬ್ರವರಿಯಲ್ಲಿ ಬಾಂಬ್ ದಾಳಿಯಿಂದ ಡ್ರೆಸ್ಡೆನ್ ಸುಟ್ಟುಹೋಯಿತು. ಅಗಸ್ಟಸ್‌ನ ಸಂಗ್ರಹದ ಬಹುಭಾಗವನ್ನು ಮೊದಲೇ ಬೇರೆಡೆ ಸಾಗಿಸಿದ್ದರು. ಯುದ್ಧದ ನಂತರ ಅದು ಸೋವಿಯತ್ ದೇಶಕ್ಕೆ ಹೋಗಿ 1958ರ ಹೊತ್ತಿಗೆ ಮರಳಿ ಬಂತು. ಝ್ವಿಂಗರ್ ಅನ್ನು ಮತ್ತೆ ಕಟ್ಟಿದರು. ಪಿಂಗಾಣಿ ಸಂಗ್ರಹ ಈಗ ಅಲ್ಲಿದೆ, ಸುಮಾರು 20,000 ಪಾತ್ರೆಗಳು. ಪ್ರಷ್ಯಾದಿಂದ ಬಂದ, ನೀಲಿ ಬಿಳಿ ಬಣ್ಣದ, ಮುಚ್ಚಳವಿರುವ ಎತ್ತರದ ಹೂಜಿಗಳೂ ಅಲ್ಲಿವೆ. ಅವುಗಳನ್ನು ಡ್ರಗೂನ್ ಹೂಜಿಗಳು ಎಂದು ಕರೆಯುತ್ತಾರೆ.